ಒಂದು ಮಾರು ಮಲ್ಲಿಗೆ

ಮಲ್ಲಿಗೆ ಕಟ್ಟುವುದರಲ್ಲಿ ನಮ್ಮ ದೊಡ್ಡವ್ವ ಎತ್ತಿದ ಕೈ. ಹಡಗಲಿಯ ನಮ್ಮ ಓಣಿಯ ಹೆಂಗಸರೆಲ್ಲ ಮೊಳ, ಮಾರಿನ ಲೆಕ್ಕದಲ್ಲಿ ಅವಳು ಕಟ್ಟಿದ ಹೂವನ್ನೇ ಮುಡಿದವರು. ಅವಳ ತಲೆಯಲ್ಲಿ ಮಾತ್ರ ನಾನು ಹುಟ್ಟಿದಾಗಿನಿಂದ ಒಂದು ಎಸಳನ್ನೂ ಕಂಡವಳಲ್ಲ. ಅದಕ್ಕೆ ಕಾರಣ ಒಂದು ಹರಕೆ.

ಮದುವೆಯಾದ ಹೊಸತರಲ್ಲಿ ದೊಡ್ಡಪ್ಪನಿಗೆ ಜ್ವರ ಬಂದು, ಬದುಕುವುದೇ ಕಷ್ಟ ಎನ್ನುವಂತಾಯಿತಂತೆ. ಇಟ್ಟಿಗಿ ದಾರಿಯಲ್ಲಿ ಬೇವಿನ ಮರದ ಕೆಳಗೆ ಅಮ್ಮನ ಕಟ್ಟೆಯಿದೆ, ನಾಲ್ಕು ಮೂಲೆಯ ದೊಡ್ಡ ಕಟ್ಟೆ. ಅದರ ಸುತ್ತ ಒಂದೇ ಎಳೆಯ ಮಾಲೆ, ಒಂದೇ ದಿನದಲ್ಲಿ, ತನ್ನ ಕೈಯಿಂದಲೇ ಕಟ್ಟಿ ಹಾಕುತ್ತೇನೆ, ಅಲ್ಲಿಯವರೆಗೆ ಹೂ ಮುಡಿಯುವುದಿಲ್ಲ ಎಂದು ದೊಡ್ಡವ್ವ ಬೇಡಿಕೊಂಡಳು. ದೊಡ್ಡಪ್ಪ ಎದ್ದು ಕೂತ. ದೊಡ್ಡವ್ವ ದಾರ ಹಿಡಿದು ಕಟ್ಟೆಯ ಗೋಡೆಯನ್ನು ಸುತ್ತ ಅಳೆದಳು, ಇಪ್ಪತ್ತು ಮಾರು ಬಂತು. ಇಪ್ಪತ್ತು ಮಾರು ಕಟ್ಟಿಕೊಂಡು ಹೋದಳು.

ಅಲ್ಲಿ ಪೂಜಾರಿ ತಕರಾರು ತೆಗೆದ. ಮಾಲೆ ಗೋಡೆಗೆ ತಾಗಬಾರದು, ಸುತ್ತಲೂ ಒಂದು ಗೇಣು ಬಿಟ್ಟು ಮೂಲೆಯ ಗೂಟಗಳಿಗೆ ಹಾಕಬೇಕು, ಅಮ್ಮನಿಗೆ ಉಸಿರಾಡಲು ಜಾಗ ಬೇಕು ಎಂದ. ಜೊತೆಗೆ ಹೋಗಿದ್ದ ದೊಡ್ಡವ್ವನ ಅತ್ತೆ, "ಇಷ್ಟು ದೊಡ್ಡ ಕಟ್ಟಿ, ಸುತ್ತಾಕಡಿ ಹೊರಗ ಸರಿಸಬೇಕಂದ್ರ ಇನ್ನೂ ಇಪ್ಪತ್ತು ಮಾರು ಹೂ ಬೇಕಾಗ್ತೈತಿ, ನಡಿ ಮನಿಗೆ" ಎಂದಳು. ಅತ್ತೆಗೆ ಎದುರಾಡುವ ಕಾಲವಲ್ಲ ಅದು. ಒಂದು ಹಗ್ಗ ತಂದು ಗೂಟಗಳ ಸುತ್ತ ಹಿಡಿದು ನೋಡಿದ್ದರೆ ಮುಗಿಯುತ್ತಿತ್ತು. ಯಾರೂ ನೋಡಲಿಲ್ಲ. ನಲವತ್ತು ಮಾರನ್ನು ಒಂದೇ ದಿನದಲ್ಲಿ ಒಬ್ಬಳೇ ಕಟ್ಟುವುದು ಆಗದ ಮಾತು. ಮುಂಜಾನೆ ಕಿತ್ತ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಹಾಗಾಗಿ ಹರಕೆ ಉಳಿದುಹೋಯಿತು, ತಲೆ ಬರಿದಾಗಿಯೇ ಇತ್ತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ವರ್ಷದ ಕಾರ್ಯ ಮುಗಿದ ಮೇಲೆ ದೊಡ್ಡವ್ವ, "ಅಮ್ಮನ ಋಣ ತಲಿಮ್ಯಾಲೆ ಇಟಗೊಂಡು ಸಾಯೂದಿಲ್ಲ ನಾನು" ಎಂದು ಹಟ ಹಿಡಿದಳು. ಈಗಿನ ಪೂಜಾರಿ ಹಳಬನ ಮಗ, ಸ್ವಲ್ಪ ಸಡಿಲ ಮನುಷ್ಯ. ಮನೆಯ ಹೆಣ್ಣುಮಕ್ಕಳು ಕೈಜೋಡಿಸಿದರೆ ತಪ್ಪಿಲ್ಲ, ಕೊನೆಯ ಗಂಟು ಹರಕೆ ಹೊತ್ತವಳು ಹಾಕಲಿ ಎಂದ. ನಸುಕಿನಲ್ಲೇ ಸುತ್ತಲ ತೋಟಗಳ ಮೊಗ್ಗು ತರಿಸಿ, ಅತ್ತಿಗೆ, ನಾನು, ದೊಡ್ಡವ್ವ ಕೂತೆವು. ನನ್ನ ಬೆರಳು ನಡುಮಧ್ಯಾಹ್ನಕ್ಕೇ ಸತ್ತುಹೋದವು. ಬಾಯಿ ಮಾತ್ರ ಸಾಯಲಿಲ್ಲ, ಎಲ್ಲರನ್ನೂ ಬೈಯುತ್ತಲೇ ಕಟ್ಟಿದೆ. ಅಂತೂ ನಲವತ್ತು ಮಾರು ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕಟ್ಟೆಯ ಹತ್ತಿರ ಹೋದೆವು. ಪೂಜಾರಿ ಮಾಲೆಯ ತುದಿಯನ್ನು ಮೊದಲ ಗೂಟಕ್ಕೆ ಕಟ್ಟಿದ. ನಾನು ಹೂ ತುಂಬಿದ ಪುಟ್ಟಿ ಹೊತ್ತು ಹಿಂದೆ ಹಿಂದೆ ನಡೆದೆ, ಅತ್ತಿಗೆ ಬಿಡಿಸಿ ಬಿಡಿಸಿ ಕೊಟ್ಟಳು. ಎರಡನೆಯ ಮೂಲೆ ಆಯಿತು, ಮೂರನೆಯದು, ನಾಲ್ಕನೆಯದು. ಮತ್ತೆ ಮೊದಲ ಗೂಟಕ್ಕೆ ಬಂದು ನಿಂತೆವು. ಮಾಲೆ ಕೂಡಿತು. ಪುಟ್ಟಿಯಲ್ಲಿ ನೋಡಿದರೆ ಹೂವಿನ ಗುಡ್ಡೆ ಹಾಗೇ ಇದೆ! ನಾವು ಕಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ!

ಎಲ್ಲೋ ತಪ್ಪಾಗಿದೆ, ಹರಕೆ ಮತ್ತೆ ಕೆಡುತ್ತದೆ ಎಂದು ಪೂಜಾರಿಯ ಮೇಲೆ ಹರಿಹಾಯ್ದೆ. "ಗೂಟ ಗ್ವಾಡಿಗೆ ಹತ್ರ ನೆಟ್ಟೀರಿ ನೀವು!"

"ಗೇಣು ಹಾಕಿ ನೋಡ್ರಿ ತಾಯಿ, ನಿಮ್ಮ ಕೈಲೇ ನೋಡ್ರಿ" ಎಂದ ಆತ. ಕಟ್ಟೆಯ ಸುತ್ತ ಗೇಣು ಹಾಕುತ್ತ ಬಂದೆ. ಎಲ್ಲ ಕಡೆಯೂ ತುಂಬು ಗೇಣು. ಅತ್ತಿಗೆ ಉಳಿದದ್ದನ್ನು ಕೈಚಾಚಿ ಅಳೆದಳು: ಹತ್ತೊಂಬತ್ತು ಮಾರು. ಹಾಗಾದರೆ ಗೋಡೆಗೆ ಇಪ್ಪತ್ತು, ಗೇಣು ಬಿಟ್ಟರೆ ಇಪ್ಪತ್ತೊಂದು. ನೆರೆದವರು ಅಮ್ಮನ ಮಹಿಮೆ ಎಂದು ಕೈ ಮುಗಿದರು. ನನಗೆ ಕೈ ಮುಗಿಯಲೂ ತೋಚಲಿಲ್ಲ. ಇದು ಹೇಗೆ ಸಾಧ್ಯ?

ಮೂಲೆಯ ಹತ್ತಿರ ಕೂತು ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದೆ. ಗೋಡೆಯ ಪಕ್ಕದಲ್ಲಿ ಓಡುವ ಮಾಲೆ ಗೋಡೆಯಷ್ಟೇ ಉದ್ದ, ದೂರ ಸರಿದರೂ ಅಷ್ಟೇ ಉದ್ದ. ಹೆಚ್ಚಾಗುವುದು ಮೂಲೆಗಳಲ್ಲಿ ಮಾತ್ರ, ಈ ಕಡೆಗೊಂದು ಗೇಣು, ಆ ಕಡೆಗೊಂದು ಗೇಣು. ನಾಲ್ಕು ಮೂಲೆಗೆ ಎಂಟು ಗೇಣು. ಎಂಟು ಗೇಣೆಂದರೆ ನಾಲ್ಕು ಮೊಳ, ನಾಲ್ಕು ಮೊಳವೆಂದರೆ ಒಂದು ಮಾರು. ಕಟ್ಟೆ ತುಳಸಿಕಟ್ಟೆಯಷ್ಟೇ ಇರಲಿ, ನಾಲ್ಕು ಮೂಲೆ ಹಿಡಿದು ಇಡೀ ಹಡಗಲಿಯಷ್ಟೇ ಇರಲಿ, ಒಂದೇ ಮಾರು! ಸಂತೆಗೆ ಹೋದರೆ ಯಾವನೂ ನನ್ನನ್ನು ಲೆಕ್ಕದಲ್ಲಿ ಯಾಮಾರಿಸಲಾರ ಎಂದುಕೊಂಡವಳು ನಾನು. ಆ ಗೆರೆಗಳನ್ನು ಅಳಿಸಿ ಮತ್ತೆ ಎಳೆದೆ. ಮತ್ತೆ ಅಷ್ಟೇ ಬಂತು.

ಆ ಬೆರಗಿನಲ್ಲಿ ನಾಲಿಗೆ ಹಿಡಿತದಲ್ಲಿ ಇರಲಿಲ್ಲ. "ದೊಡ್ಡವ್ವಾ, ಒಂದ ಮಾರು ಸಾಕಿತ್ತು! ಸುಮ್ನ ಇಷ್ಟೆಲ್ಲಾ ಕಟ್ಟಿಸಿದೆಲ್ಲಬೇ ನಮ್ಮ ಕೈಲೆ!" ಎಂದು ಕೂಗಿದೆ.

ದೊಡ್ಡವ್ವ ಕೊನೆಯ ಗಂಟು ಹಾಕಿ ಆಗಷ್ಟೇ ತಿರುಗಿದ್ದಳು. ಬಂದು ನನ್ನ ಗೆರೆಗಳನ್ನು ನೋಡುತ್ತ ನಿಂತಳು. ಒಂದೊಂದು ಮೂಲೆಯನ್ನೂ ತೋರಿಸಿ ಹೇಳಿಕೊಟ್ಟೆ. ತಲೆಯಾಡಿಸಿದಳು, ತಿಳಿಯಿತು.

"ಹಂಗಾದ್ರ ಅವತ್ತೂ ಒಂದ ಮಾರು ಕಡಿಮಿ ಇತ್ತೇನು?"

"ಹೂಂ, ಒಂದ" ಎಂದೆ. ಹೇಳಿದ ಮೇಲೆ ಅವಳ ಮುಖ ನೋಡಿದೆ.

ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು. "ಒಂದ ಮಾರು ಅಂದ್ರ ಎಷ್ಟೊತ್ತಿನ ಕೆಲಸಲೇ ನನಗ? ಒಲಿಮ್ಯಾಲಿನ ಅನ್ನ ಬೇಯೂದ್ರೊಳಗ ಕಟ್ತಿದ್ನೆಲ್ಲ" ಎಂದಳು. ಆಮೇಲೆ, "ಎಂಥಾದ್ದ ಇರಲಿ, ಒಂದಿನ ಹೂ ಮುಡದು ತೋರಿಸು ಅಂತಿದ್ದ ನಿಮ್ಮ ದೊಡ್ಡಪ್ಪ. ಸಾಯೂ ತನಕ ಕೇಳ್ಯಾನ" ಎಂದಳು.

ನಾನು ಮಣ್ಣಿನ ಗೆರೆಗಳನ್ನು ಅಂಗೈಯಿಂದ ಅಳಿಸಿದೆ. ಅಷ್ಟರಲ್ಲಿ ಉಳಿದ ಹೂವನ್ನು ತುಂಡು ಮಾಡಿ, ಬಂದ ಮುತ್ತೈದೆಯರಿಗೆಲ್ಲ ಹಂಚಲು ಶುರುಮಾಡಿದ್ದರು. ಹಂಚುತ್ತ ಬಂದ ಹೆಂಗಸು ನನ್ನ ಕೈಗೆ ಒಂದು ಮೊಳ ಕೊಟ್ಟು, ದೊಡ್ಡವ್ವನನ್ನು ದಾಟಿ ಮುಂದಿನವಳ ಹತ್ತಿರ ಹೋದಳು.