ಹಸಿವಿಲ್ಲದೆ ಎಳೆದ ಸರಪಳಿ

ರೈಲಿನಲ್ಲಿ ತಲೆಯ ಮೇಲೆ ಕೆಂಪು ಹಿಡಿಕೆಯ ಸರಪಳಿ ಕಂಡರೆ ಬೇರೆಯವರಿಗೆ ದಂಡದ ಭಯ, ನನಗೆ ಹಸಿವು. ಮೊನ್ನೆ ಸೇಡಂನ ಮದುವೆಯೊಂದಕ್ಕೆಂದು ವಾಡಿಯಲ್ಲಿ ಪ್ಯಾಸೆಂಜರ್ ಹತ್ತಿದಾಗಲೂ ಹಾಗೇ ಆಯಿತು. ಮನೆಯಲ್ಲಿ ಉಂಡೇ ಹೊರಟಿದ್ದೆ. ಅದೇ ಡಬ್ಬಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ಹಳೆಯ ಗೆಳೆಯ ಗಫೂರ್, ನನ್ನ ಕಣ್ಣು ಹೋದ ಕಡೆ ನೋಡಿ, "ಯಾಕೋ, ರೊಟ್ಟಿ ಬೇಕೇನು?" ಎಂದ. ಇಬ್ಬರೂ ನಕ್ಕೆವು. ಪಕ್ಕದಲ್ಲಿದ್ದ ಹುಡುಗಿಗೆ ಈ ಮುದುಕರಿಗೆ ಏನಾಯಿತೆಂದು ತಿಳಿಯಲಿಲ್ಲ. ನಿಮಗಾದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ವಾಡಿ ಸ್ಟೇಷನ್ನಿನ ಹಿಂದೆ ಗಾರ್ಡ್ ಕಾಕಾನ ಖಾನಾವಳಿ ಇತ್ತು. ರೈಲಿನ ಗಾರ್ಡ್ ಆಗಿ ನಿವೃತ್ತನಾದ ಮನುಷ್ಯ. ನಿವೃತ್ತಿ ಅವನಿಗೆ ಒಗ್ಗಲಿಲ್ಲ. ತಗಡಿನ ಉದ್ದನೆಯ ಕೋಣೆ ಕಟ್ಟಿಸಿ ಅದನ್ನು ರೈಲಿನ ಡಬ್ಬಿಯೇ ಮಾಡಿಬಿಟ್ಟಿದ್ದ. ಎದುರುಬದುರು ಹಲಗೆಯ ಬೆಂಚು, ಅಡ್ಡ ಸರಳಿನ ಕಿಟಕಿ, ಮೇಲೆ ಗಂಟುಮೂಟೆ ಇಡುವ ಹಲಗೆ. ನೆಲಕ್ಕೆ ಹಾಸಿದ ಫರಶಿಕಲ್ಲು ಮಾತ್ರ ನನ್ನ ಕೈಯದು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಗಣಿ ಸೇರಿದವನು ನಾನು. ಬರೆಯಲು ಕುಳಿತರೆ ಈಗಲೂ ಸಾಲು ಸೊಟ್ಟಗಾಗುತ್ತದೆ; ಆದರೆ ನಾನು ಹಾಸಿದ ಕಲ್ಲು ಸೊಟ್ಟಗಾದದ್ದನ್ನು ತೋರಿಸಿ ನೋಡೋಣ. ಆ ನೆಲದಲ್ಲಿ ಎಲ್ಲಿ ನೀರು ಚೆಲ್ಲಿದರೂ ಬಾಗಿಲಿಗೇ ಹರಿಯುತ್ತಿತ್ತು. ಇರಲಿ, ನನ್ನ ಹೊಗಳಿಕೆ ಶುರುವಾದರೆ ಊಟ ಆರಿಹೋಗುತ್ತದೆ.

ಅಲ್ಲಿನ ಕಾನೂನೇ ಬೇರೆ. ಪಂಕ್ತಿಯವರೆಲ್ಲ ಉಂಡ ಮೇಲೆ ಕಾಕಾ ಸೀಟಿ ಊದಿ ಹಸಿರು ಬಾವುಟ ಬೀಸುತ್ತಿದ್ದ. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಇನ್ನೂ ಬೇಕಾದವರು ಬಾಯಿಬಿಟ್ಟು ಕೇಳಬಾರದು, ಮೇಲಿನ ಸರಪಳಿ ಎಳೆಯಬೇಕು. ಒಳಗೆ ಗಂಟೆ ಬಡಿಯುತ್ತಿತ್ತು, ಬಿಸಿ ರೊಟ್ಟಿ ಬರುತ್ತಿತ್ತು. ಅದು ಮುಗಿಯದೆ ಬಾವುಟವಿಲ್ಲ. ಸರಪಳಿಯ ಕೆಳಗೆ ಕಾಕಾ ತಾನೇ ಬಣ್ಣದಲ್ಲಿ ಬರೆದಿದ್ದ: ‘ಹಸಿವಿಲ್ಲದೆ ಎಳೆದವರಿಗೆ ದಂಡ, ಇನ್ನೊಂದು ರೊಟ್ಟಿ.’

ಗಣಿಯಲ್ಲಿ ನಾವು ಮೂವರು ಜೊತೆ: ನಾನು, ಗಫೂರ್, ಶರಣಪ್ಪ. ಸ್ವಂತದ್ದೊಂದು ಫರಶಿ ಪಾಲಿಶ್ ಅಂಗಡಿ ಹಾಕಬೇಕೆಂಬುದು ಮೂವರ ಆಸೆ. ಅಷ್ಟರಲ್ಲಿ ಶರಣಪ್ಪನ ಅಣ್ಣ ಮುಂಬಯಿ ಬಂದರಿನಲ್ಲಿ ಕೆಲಸ ನೋಡಿ ಕರೆದ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿಯರಿದ್ದರು, ಅವನು ಒಪ್ಪಿಕೊಂಡ. ಹೊರಡುವ ಸಂಜೆ ಗಾಡಿಗೆ ಮುಂಚೆ ಕಾಕಾನಲ್ಲಿ ಉಂಡು ಹೋಗಲೆಂದು ನಾನೇ ಕರೆದೊಯ್ದೆ. ಉಣ್ಣುತ್ತ ಕುಳಿತರೆ ಅವನ ಮನಸ್ಸು ತಿರುಗೀತೆಂಬ ಆಸೆ. ಬಾಯಿಬಿಟ್ಟು ‘ಹೋಗಬೇಡ’ ಎನ್ನುವ ಜಾತಿಯವನಲ್ಲ ನಾನು.

ತುಂಬಿದ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು.

"ಮುಂಬಯಿದಾಗ ಇಂಥಾ ಪುಂಡಿಪಲ್ಯಾ ಸಿಗ್ತದೇನಲೇ?" ಗಫೂರ್ ಕೆಣಕಿದ.

"ಅಲ್ಲಿ ಸಮುದ್ರ ಅದಲ್ಲ, ಅದ್ನೇ ನೋಡ್ಕೋತ ಉಣ್ತೀನಿ" ಎಂದ ಶರಣಪ್ಪ.

"ಹಂಗಾದ್ರ ಉಪ್ಪಿನ ಖರ್ಚರೆ ಉಳೀತದ ಬಿಡು."

ಶರಣಪ್ಪನದು ಸಣ್ಣ ಹೊಟ್ಟೆ. ಎರಡು ರೊಟ್ಟಿಗೇ ಕೈ ತೊಳೆಯುತ್ತಿದ್ದವನು. ಅಂದು ತಟ್ಟೆ ಬರಿದಾಗಿ ಕಾಕಾ ಸೀಟಿ ಬಾಯಿಗಿಟ್ಟಾಗ, ಕೈಯೆತ್ತಿ ಸರಪಳಿ ಎಳೆದ. ರೊಟ್ಟಿ ಬಂತು. ಅದು ಮುಗಿಯಿತು. ಮತ್ತೆ ಎಳೆದ.

"ಏನಲೇ, ಮುಂಬಯಿ ಮುಟ್ಟೂತನಕ ಇಲ್ಲೇ ತುಂಬ್ಕೊಳ್ಳಲಿಕತ್ತೀ ಏನು?" ಎಂದು ನಕ್ಕೆ. ಅವನು ನಗಲಿಲ್ಲ. ರೊಟ್ಟಿಯನ್ನು ಚೂರುಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹೋಗಲೇಬೇಕಾದವನು ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ನಿಂತಿದ್ದ. ಅವನ ತಟ್ಟೆ ಬರಿದಾದಾಗ ಗಫೂರ್ ಎಳೆದ. ಆಮೇಲೆ ನಾನು. ಹೊರಗೆ ಮುಂದಿನ ಪಂಕ್ತಿಯವರು ಗೊಣಗುತ್ತಿದ್ದರು. ಹೊತ್ತು ತಪ್ಪುವುದನ್ನು ಸಹಿಸದ ಕಾಕಾ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತ ನಿಂತುಬಿಟ್ಟ.

ಕೊನೆಗೆ ಸ್ಟೇಷನ್ನಿನ ಗಂಟೆ ಕೇಳಿಸಿತು. ಕಾಕಾ ಹತ್ತಿರ ಬಂದು, "ಶರಣ್ಯಾ, ಏಳಪಾ. ನನ್ನ ಗಾಡಿ ನಿಂದರ್ತದ, ಅದು ನಿಂದರಂಗಿಲ್ಲ" ಎಂದ. ಹಸಿರು ಬಾವುಟ ಬೀಸಿದ. ಸೀಟಿ ಊದಲಿಲ್ಲ.

ಮೊದಮೊದಲು ದೀಪಾವಳಿಗೆ ಬರುತ್ತಿದ್ದ ಶರಣಪ್ಪ, ಆಮೇಲೆ ಅಲ್ಲಿಯವನೇ ಆದ, ಕೊನೆಗೆ ಅಲ್ಲಿಯ ಮಣ್ಣಿಗೇ ಸೇರಿದ. ಗಫೂರ್ ಚಿತ್ತಾಪುರದಲ್ಲಿ ಮಾವನ ಅಂಗಡಿಗೆ ಹೋದ. ರಸ್ತೆ ಅಗಲವಾದಾಗ ಖಾನಾವಳಿ ಹೋಯಿತು. ನನ್ನ ಫರಶಿಗಳು ಯಾರ ಅಂಗಳದಲ್ಲಿವೆಯೋ. ಪಾಲಿಶ್ ಅಂಗಡಿಯನ್ನು ನಾನೊಬ್ಬನೇ ಹಾಕಿದೆ, ತಲೆಯೆತ್ತಿ ನಡೆಸಿದೆ. ಬೋರ್ಡು ಮಾತ್ರ ಮೂರು ಹೆಸರು ಹಿಡಿಯುವಷ್ಟು ಉದ್ದ ಮಾಡಿಸಿದ್ದೆ.

ಚಿತ್ತಾಪುರ ಬಂತು. ಗಫೂರ್ ಚೀಲ ಹಿಡಿದು ಎದ್ದು, "ಬರ್ತೀನಪಾ" ಎಂದ. ನನ್ನ ಕಣ್ಣು ಮತ್ತೆ ಮೇಲೆ ಹೋಯಿತು. ಈ ಸರಪಳಿ ಎಳೆದರೆ ರೊಟ್ಟಿ ಬರುವುದಿಲ್ಲ, ಪೊಲೀಸ್ ಬರುತ್ತಾನೆ. ನನ್ನ ಚೀಲ ತೆಗೆದುಕೊಂಡು ನಾನೂ ಇಳಿದುಬಿಟ್ಟೆ.

"ಅಲೇ, ಲಗ್ನ?"

"ಸೇಡಮ್ಮಿಗಿ ಸಂಜೀಗಿನೂ ಗಾಡಿ ಅದ. ನಡಿ, ಉಣ್ಲಾಕ ನೀಡ್ಸು."

ಅವನ ಮಗಳು ಬಿಸಿ ಬಿಸಿ ರೊಟ್ಟಿ ಬಡಿದು ಹಾಕಿದಳು. ಹೊಟ್ಟೆಯಲ್ಲಿ ತುಸುವೂ ಜಾಗವಿರಲಿಲ್ಲ. "ಸಾಕೇನ್ರಿ ಕಾಕಾ?" ಎಂದು ಅವಳು ನನ್ನನ್ನು ಕೇಳಿದಾಗ ನಾನು ಬಲಗೈ ಎತ್ತಿ ಗಾಳಿಯಲ್ಲಿ ಏನನ್ನೋ ಕೆಳಗೆ ಎಳೆದೆ. ಪಾಪ, ಅವಳು ಮೇಲೆ ನೋಡಿದಳು. ಅಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ.

ಉಂಡು ಕೈ ತೊಳೆಯಲು ಎದ್ದಿದ್ದ ಗಫೂರ್ ಮತ್ತೆ ಕುಳಿತ. ಕೈ ಒರೆಸಿಕೊಂಡು ತನ್ನ ತಟ್ಟೆಯನ್ನೂ ಮುಂದೆ ಸರಿಸಿದ.

"ನೀಡು ಬೇಟಾ" ಎಂದ, "ಗಾಡಿ ನಿಂತದ."