ಭಟ್ಟಿಯ ಮುಂದಿನ ಮುಖಕ್ಕೊಂದು ಸೀರಮ್

ಮದುವೆಯಾದ ಮರುವರ್ಷವೇ ಬೇಕರಿ ಸೇರಿದವಳು ಆಕೆ. ಬ್ರೆಡ್ಡು ಬೇಯುವ ಭಟ್ಟಿಯ ಮುಂದೆ ನಿಂತೂ ನಿಂತೂ ಕೆನ್ನೆಗಳು ಬಿರುಕುಬಿಟ್ಟಿದ್ದವು. ಬೆವರಿಳಿದರೆ ಚುರುಚುರು ಉರಿ. ಅಂಗಡಿಯ ಕ್ರೀಮುಗಳು ಆ ಶಾಖಕ್ಕೆ ಕರಗಿ ಕಣ್ಣಿಗಿಳಿಯುತ್ತಿದ್ದವು. ಕೊನೆಗೆ, ಹಾಲಿನಷ್ಟು ತೆಳ್ಳಗಿನ, ಮುಖಕ್ಕೆ ಹಚ್ಚುವ ಸೀರಮ್ ಒಂದನ್ನು ತಾನೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಳು.

ಬಾದಾಮಿ ಎಣ್ಣೆ, ಗುಲಾಬಿ ನೀರು ತಂದು ಕಲಕಿದಳು. ಎರಡೂ ಮಾತುಬಿಟ್ಟ ಗಂಡ ಹೆಂಡಿರಂತೆ ಬೇರೆ ಬೇರೆ ನಿಂತವು. ವಿಚಾರಿಸಿದಾಗ, ಎಣ್ಣೆ ನೀರನ್ನು ಕೂಡಿಸಲೆಂದೇ ಒಂದು ಮೇಣವಿದೆಯೆಂದು ತಿಳಿಯಿತು. ಅದನ್ನು ಕಾದ ಎಣ್ಣೆಯಲ್ಲಿ ಕರಗಿಸಿ ಗುಲಾಬಿ ನೀರು ಹೊಯ್ದರೆ ಬಟ್ಟಲ ತುಂಬ ಗಂಟು.

ಅತ್ತೆ ಇಣುಕಿದರು. “ಏನಮ್ಮಾ, ಹಾಲು ಒಡೆದುಹೋಯ್ತಾ?”

“ಹಾಲಲ್ಲ ಅತ್ತೆ, ಮುಖಕ್ಕೆ ಹಚ್ಕೊಳ್ಳೋದು.”

“ಮುಖಕ್ಕಾ? ಇರೋ ಅಂದಾನೂ ಕಳ್ಕೋಬೇಡ!”

ಗಂಡ ನಗು ತಡೆಯಲಾರದೆ ಊಟದ ತಟ್ಟೆಯತ್ತ ತಲೆ ಬಗ್ಗಿಸಿದ. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೇಕರಿಯಲ್ಲಿ ಕೇಕಿಗೆ ಬೆಣ್ಣೆ ಕಡೆಯುತ್ತಿದ್ದಳು. ಜೊತೆಗಾತಿ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಟ್ಟೆ ಹಿಡಿದು ಬಂದಳು.

“ಅಯ್ಯೋ, ತಡಿಯೇ! ತಣ್ಣಗಿರೋದನ್ನ ಹಾಕಿದ್ರೆ ಬೆಣ್ಣೆ ಒಡೆದುಹೋಗುತ್ತೆ!”

ಹಾಗೆಂದವಳು ತಾನೇ ಬೆಚ್ಚಿಬಿದ್ದಳು. ಮನೆಯಲ್ಲಿ ಮಾಡಿದ್ದೂ ಅದನ್ನೇ ತಾನೆ? ಬಿಸಿ ಎಣ್ಣೆಗೆ ತಣ್ಣೀರು!

ಸಂಜೆ ಎಣ್ಣೆ ಮೇಣದ ಬಟ್ಟಲನ್ನೂ ಗುಲಾಬಿ ನೀರಿನ ಬಟ್ಟಲನ್ನೂ ಒಂದೇ ಪಾತ್ರೆಯ ಬಿಸಿನೀರಿನಲ್ಲಿ ಕೂರಿಸಿದಳು. ಎರಡೂ ಸಮನಾಗಿ ಕಾದ ಮೇಲೆ ಬೆರೆಸಿ, ತೋಳು ಸೋತರೂ ಬಿಡದೆ, ಆರುವ ತನಕ ಕಡೆದಳು. ಕೆಡದಂತೆ ಕಾಯುವ ಸಂರಕ್ಷಕದ ಹನಿಗಳನ್ನು ಬಿಟ್ಟು ಸೀಸೆಗೆ ತುಂಬಿದಳು.

ಬೆಳಗ್ಗೆ ನೋಡಿದರೆ ಅಚ್ಚ ಬಿಳುಪು. ಎಣ್ಣೆಯ ಒಂದು ಹನಿಯೂ ಮೇಲೆ ತೇಲಿರಲಿಲ್ಲ.

“ರೀ, ಬನ್ನಿ ಇಲ್ಲಿ! ಕೂಡ್ಕೊಂಡಿದೆ ರೀ!”

ಗಂಡ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಓಡಿಬಂದ. ಸೀಸೆಯನ್ನು ತಲೆಕೆಳಗು ಮಾಡಿ ನೋಡಿ, ನೊರೆ ತುಂಬಿದ ಬಾಯಲ್ಲೇ “ಭಲೇ!” ಎಂದ.

ಮೊಣಕೈಯ ಒಳಮಡಿಕೆಗೆ ಹಚ್ಚಿ ಕಾದು ನೋಡಿದಳು. ತುರಿಕೆಯಿಲ್ಲ, ಕೆಂಪಿಲ್ಲ. ಆಮೇಲೆ ಮುಖಕ್ಕೆ. ಜಿಡ್ಡಿಲ್ಲದೆ ಹೀರಿಕೊಂಡಿತು. ವಾರಗಳು ಕಳೆದಂತೆ ಬಿರುಕು ಮಾಯ್ದು ಕೆನ್ನೆ ನಯವಾಯಿತು. ಬೇಕರಿಯ ಹೆಂಗಸರೆಲ್ಲ “ಏನೇ ಹಚ್ತೀಯ, ಗುಟ್ಟು ಮಾಡ್ಬೇಡ” ಎಂದು ಮುತ್ತಿಕೊಂಡರು. ಆಕೆ ಗುಟ್ಟು ಮಾಡಲಿಲ್ಲ. ಹಿಟ್ಟಿನ ಮೇಜಿನ ಬಳಿ ನಿಂತು, ಕೈಯಾಡಿಸುತ್ತಾ, ಗೆದ್ದ ಯುದ್ಧದಂತೆ ವರ್ಣಿಸಿದಳು.

ಮನೆಗೆ ಬಂದರೆ ಸೀಸೆ ಅರ್ಧ ಖಾಲಿ. ಅತ್ತೆ ಕನ್ನಡಿಯ ಮುಂದೆ ಕೂತು ಕತ್ತಿಗೂ ಸವರಿಕೊಳ್ಳುತ್ತಿದ್ದರು.

“ಏನೇ ಹಾಗೆ ನೋಡ್ತೀಯ? ಇಷ್ಟು ಚಿಕ್ಕ ಸೀಸೆ ಯಾವ ಮೂಲೆಗಾಗುತ್ತೆ? ನನ್ನ ತಂಗಿಗೂ ಬೇಕಂತೆ.”

ಆಕೆ ದೊಡ್ಡ ಪಾತ್ರೆ ತೆಗೆದು ಒಲೆಯ ಮೇಲಿಟ್ಟಳು.