ಅರ್ಥ ಆಯಿತು ಎನ್ನುವ ಅಭ್ಯಾಸ

ಇವತ್ತು ಬೆಳಿಗ್ಗೆ ಶಾಲೆಯ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಡ್ರಾಯಿಂಗ್ ಶೀಟಿನ ಸುರುಳಿಯೊಂದು ಕಾಲ ಮೇಲೆ ಬಿತ್ತು. ಬಿಚ್ಚಿದರೆ ನನ್ನದೇ ಅಕ್ಷರ. ‘ರಾಮ ಈಟ್ಸ್ ಎ ಮ್ಯಾಂಗೋ.’ ಕರ್ತೃವಿಗೆ ಕೆಂಪು, ಕ್ರಿಯಾಪದಕ್ಕೆ ಹಸಿರು, ಕರ್ಮಕ್ಕೆ ನೀಲಿ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದಪ್ಪವಾಗಿ: ‘ಎಸ್ ಸರ್. ಐ ಅಂಡರ್‌ಸ್ಟ್ಯಾಂಡ್, ಸರ್.’

ನಾನು ವಿಜ್ಞಾನದ ಮೇಷ್ಟ್ರು. ಕವಲಂದೆ ಕಡೆಯ ಈ ಶಾಲೆಗೆ ಇಂಗ್ಲಿಷ್ ಮೇಷ್ಟ್ರು ಯಾರೂ ಬಾರದೆ ಆ ಪಾಠವೂ ನನ್ನ ಕೊರಳಿಗೆ ಬಿತ್ತು. ಟಿ. ನರಸೀಪುರದ ಮನೆಯಿಂದ ಹೊರಟರೆ ಬಸ್ಸು ಶಾಲೆ ಮುಟ್ಟುವವರೆಗೂ ಗೈಡು ತೆಗೆದು ಅಂದಿನ ಪಾಠ ಉರು ಹೊಡೆಯುತ್ತಿದ್ದೆ. ಕನ್ನಡದಲ್ಲಿ ಕ್ರಿಯಾಪದ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬರುತ್ತದೆ, ಮನೆಯ ಹಿರಿಯರ ಹಾಗೆ. ಇಂಗ್ಲಿಷಿನಲ್ಲಿ ಅದು ನಡುವೆ ನುಗ್ಗುತ್ತದೆ, ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ. ಈ ಹೋಲಿಕೆಯೊಂದೇ ನನ್ನ ಸ್ವಂತದ್ದು, ಉಳಿದದ್ದೆಲ್ಲ ಗೈಡಿನದು. ಯಾವ ಮಗು ಯಾವಾಗ ಎದ್ದು ಏನು ಕೇಳಿಬಿಡುತ್ತದೋ ಎಂದು ಹೆದರುತ್ತಿದ್ದೆ. ಹೆದರಿದ ಮೇಷ್ಟ್ರು ಮಕ್ಕಳಿಗೆ ಏನು ಕಲಿಸುತ್ತಾನೆ ಎಂಬುದನ್ನು ಈಗ ನಿಮಗೆ ಹೇಳಿಬಿಡಬೇಕು.

ತನಿಖೆಗೆ ಸಾಹೇಬರು ಬರುವ ವಾರ ವ್ಯಾಕರಣವನ್ನು ಬದಿಗಿಟ್ಟು ಆ ಕೊನೆಯ ಸಾಲನ್ನು ಮಾತ್ರ ಹೇಳಿಸುತ್ತಿದ್ದೆ. ಸಾಹೇಬರು ಇಂಗ್ಲಿಷಿನಲ್ಲಿ ಏನೇ ಅನ್ನಲಿ, ಕೊನೆಗೆ ಅರ್ಥ ಆಯಿತಾ ಎನ್ನುತ್ತಾರೆ. ಆಗ ಎಲ್ಲರೂ ಒಂದೇ ಉಸಿರಿಗೆ ಕೂಗಬೇಕು.

ಎರಡನೇ ಬೆಂಚಿನ ನಾಗರತ್ನ ಒಬ್ಬಳೇ ಎದ್ದು ನಿಂತಳು. “ಅವ್ರು ಏನ್ ಕೇಳುದ್ರೂವೆ ಎಸ್ಸೇನಾ ಸಾ?”

“ಎಸ್ಸೇ ಕಣವ್ವ. ಬಾಯ್ ಬುಡ್ದೆ ನಿಂತ್ಕಂಡ್ರೆ ನನ್ ಮಾನ ಓಯ್ತದೆ.”

“ತಿಳೀದೆ ಓದ್ರೂವೆ?”

“ತಿಳೀದೆ ಓದ್ರೆ ಇನ್ನೂ ಜೋರಾಗಿ ಯೇಳು.”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ತನಿಖೆಯ ದಿನ ಎಲ್ಲರಿಗಿಂತ ಸ್ಪಷ್ಟವಾಗಿ ಕೂಗಿದವಳು ಅವಳೇ. ಸಾಹೇಬರು ಅವಳ ಬೆನ್ನು ತಟ್ಟಿದರು.

ಮುಂದೆ ನಾಗರತ್ನ ಪಿಯುಸಿ ಮುಗಿಸಿ ನಂಜನಗೂಡಿನ ಬಟ್ಟೆ ಅಂಗಡಿಗೆ ಸೇರಿದಳು. ಊರಿನಲ್ಲಿ ಇಂಗ್ಲಿಷ್ ಬಲ್ಲ ಹುಡುಗಿ ಎಂದು ಹೆಸರಾಯಿತು. ಯಾರೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟರೂ ಬುತ್ತಿ, ಹಳೇ ಚೀಟಿ, ನಾಗರತ್ನ ಮೂರೂ ಜೊತೆಗಿರಬೇಕು. ಹೋದ ವರ್ಷ ಅವಳ ಅಪ್ಪನಿಗೇ ಎದೆನೋವು ಬಂತು. ಒಳ್ಳೆಯ ಚಿಕಿತ್ಸೆಯಾಯಿತು, ಮನೆಗೆ ಕಳಿಸಿದರು. ಹೊರರಾಜ್ಯದ ಡಾಕ್ಟರು ರಕ್ತ ತೆಳುವಾಗಿಸುವ ಹೊಸ ಮಾತ್ರೆ ಕೊಟ್ಟು, ಅಪ್ಪ ಮೊದಲಿಂದ ನುಂಗುತ್ತಿದ್ದ ಅದೇ ಬಗೆಯ ಹಳೆಯದನ್ನು ಇವತ್ತಿಗೇ ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದರಂತೆ. ಅವಳು ಎರಡನ್ನೂ ಕೊಟ್ಟಳು, ಹೊತ್ತಿಗೆ ಸರಿಯಾಗಿ, ಒಂದು ದಿನವೂ ತಪ್ಪಿಸದೆ. ಮೂರನೆಯ ವಾರ ತಲೆಯೊಳಗೆ ರಕ್ತ ಸೋರಿ ಅಪ್ಪ ತೀರಿಕೊಂಡರು.

ಹನ್ನೊಂದರ ದಿನ ಹೋಗಿದ್ದೆ. ಅವಳ ಚಿಕ್ಕಪ್ಪ ಎಲೆ ಹಾಕುತ್ತಾ, “ಇಂಗ್ಲಿಷ್ ಬಲ್ಲೋಳು ಜತೇಲಿದ್ಲಲ್ಲ ಸಾ, ನಮ್ದೇನ್ ಮಾತು ಅಂತ ಸುಮ್ಕಿದ್ದೊ” ಎಂದರು. ನಾಗರತ್ನ ನೀರಿನ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು.

“ಅರ್ಥ ಆಯ್ತಾ ಅಂತ ಡಾಕ್ಟ್ರು ಕೇಳುದ್ರು ಸಾ. ಎಲ್ರೂ ನನ್ ಮೊಕನೇ ನೋಡ್ತಿದ್ರು. ನೀವು ಯೇಳ್ಕೊಟ್ಟಂಗೇ ಯೇಳ್ಬುಟ್ಟೆ.”

ದೂರು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಎದುರುತ್ತರವನ್ನಾದರೂ ಹುಡುಕಬಹುದಿತ್ತು. “ಎಲ್ಲ ಅವನಿಚ್ಛೆ ಕಣವ್ವ” ಎಂದು ತಪ್ಪನ್ನು ದೇವರ ತಲೆಗೆ ಕಟ್ಟಿ, ಎರಡನೆಯ ಸಲ ಪಾಯಸ ಹಾಕಿಸಿಕೊಂಡು ಬಂದೆ. ಅಂದಿನಿಂದ ನನಗೆ ನಿದ್ದೆ ಕಡಿಮೆ. ಅದಕ್ಕೆ ಮೊದಲೂ ಹೆಚ್ಚೇನೂ ಇರಲಿಲ್ಲವೆನ್ನಿ.

ಇವತ್ತು ಆ ಹಾಳೆಯನ್ನು ಸುತ್ತಿಡುತ್ತಿರುವಾಗಲೇ ಅವಳ ಫೋನು ಬಂತು. ತಾಯಿಗೆ ತಲೆ ಸುತ್ತು, ನಂಜನಗೂಡಿನ ಆಸ್ಪತ್ರೆಗೆ ಕರೆತಂದಿದ್ದಾಳೆ. “ನೀವೂ ಬನ್ನಿ ಸಾ. ಒಬ್ಳೇ ಒಳೀಕ್ ಓಗಕ್ಕೆ ಕಾಲೇ ಬತ್ತಿಲ್ಲ.” ಅರ್ಧ ದಿನ ರಜೆ ಬರೆದಿಟ್ಟು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಇವರೂ ಬೇರೆ ಸೀಮೆಯವರು. ಚೀಟಿ ಬರೆಯುತ್ತಲೇ ಇಂಗ್ಲಿಷಿನಲ್ಲಿ ಒಂದು ನಿಮಿಷ ಹೇಳಿದರು. ನನಗೆ ‘ಬಿಪಿ’, ‘ಮಾರ್ನಿಂಗ್’, ‘ಸಾಲ್ಟ್’ ಸಿಕ್ಕವು. ನಡುವಿನದೆಲ್ಲ ನೀರಿನ ಹಾಗೆ ಹರಿದುಹೋಯಿತು. ತಲೆಯೆತ್ತಿ, ಅರ್ಥ ಆಯಿತಾ ಎಂದರು. ಎಸ್ ಎಂಬುದು ನನ್ನ ಗಂಟಲಿನವರೆಗೆ ತಾನಾಗಿ ಬಂದು ನಿಂತಿತು. ತಾಯಿ ನನ್ನ ಮುಖ ನೋಡುತ್ತಿದ್ದರು. ನಾಗರತ್ನ ನೆಲ ನೋಡುತ್ತಿದ್ದಳು.

“ನೋ, ಡಾಕ್ಟರ್” ಎಂದೆ. ಮುಂದಿನ ವಾಕ್ಯ ಇಂಗ್ಲಿಷಿನಲ್ಲಿ ಹೊರಡಲಿಲ್ಲ. “ನಾನು ಇಂಗ್ಲಿಷ್ ಮೇಷ್ಟ್ರೇ ಸ್ವಾಮಿ. ಆದರೂ ನೀವು ಹೇಳಿದ್ದು ತಿಳೀಲಿಲ್ಲ.”

ಪಕ್ಕದಲ್ಲಿದ್ದ ನರ್ಸಮ್ಮ ಫಕ್ಕನೆ ನಕ್ಕು, ಡಾಕ್ಟರನ್ನು ಕೇಳಿ ಕೇಳಿ ಕನ್ನಡದಲ್ಲಿ ಹೇಳಿದರು: ಈ ಮಾತ್ರೆ ಬೆಳಿಗ್ಗೆ ಅರ್ಧ, ಉಪ್ಪಿನಕಾಯಿ ಬಿಡಬೇಕು, ಕಾಲು ಊದಿದರೆ ತಕ್ಷಣ ಬರಬೇಕು. ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಔಷಧಿ ಅಂಗಡಿಯ ಮುಂದೆ ನಾಗರತ್ನ ನಿಂತಳು. “ಅಪ್ಪನ್ ದಿವ್ಸಾನೂ ಇಂಗೇ ಕೇಳ್ಬೋದಾಗಿತ್ತಾ ಸಾ?”

“ಕೇಳ್ಬೋದಾಗಿತ್ತು ಕಣವ್ವ. ಅದ್ನ ನಾನು ಕಲಿಸ್ನಿಲ್ಲ. ಬ್ಯಾಡ ಅಂತ್ಲೇ ಕಲಿಸ್ದೆ.”

ಅವಳು ಮಾತ್ರೆಯ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ತಾಯಿಯ ರಟ್ಟೆ ಹಿಡಿದು, ನನ್ನ ಕಡೆ ತಿರುಗದೆ ಬಸ್ ಸ್ಟ್ಯಾಂಡಿನತ್ತ ನಡೆದಳು.